ಹಳೆಯ ಲ್ಯಾಪ್‌ಟಾಪಿಗೆ ಒಬ್ಬನೇ ಯಜಮಾನ ಸಾಕು

ಲಿನಕ್ಸ್ ಯಂತ್ರ ಬಿಸಿಯೇರಿ ನಿಧಾನವಾದಾಗ, ಹೊಸದಕ್ಕೆ ಹಣ ಹೊಂದಿಸುವ ಮುನ್ನ ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆಗಳು

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಬಹುಮಟ್ಟಿಗೆ 2017ಕ್ಕಿಂತ ಹಿಂದಿನ ಪ್ರೊಸೆಸರ್‌ಗಳುಳ್ಳ ಯಂತ್ರಗಳನ್ನು ಒಪ್ಪುವುದಿಲ್ಲ. ಹೀಗಾಗಿ ಇನ್ನೂ ಚೆನ್ನಾಗಿ ನಡೆಯಬಲ್ಲ ಎಷ್ಟೋ ಲ್ಯಾಪ್‌ಟಾಪ್‌ಗಳು ಅಗ್ಗದ ಬೆಲೆಗೆ ಕೈಬದಲಾಗುತ್ತಿವೆ. ಅವುಗಳಲ್ಲಿ ಉಬುಂಟು, ಮಿಂಟ್, ಫೆಡೋರಾ ಮುಂತಾದ ಲಿನಕ್ಸ್ ವಿತರಣೆಗಳನ್ನು ಹಾಕಿಕೊಳ್ಳುವುದು ಮಧ್ಯಮ ವರ್ಗದ ಕುಟುಂಬಗಳಿಗೆ ಸುಲಭವಾದ ದಾರಿ. ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ; ಕನ್ನಡ ಬರೆಯಲು ಬೇಕಾದ ಕೀಲಿಮಣೆ ವಿನ್ಯಾಸವೂ ಅಕ್ಷರ ವಿನ್ಯಾಸವೂ ಅದರಲ್ಲೇ ದೊರೆಯುತ್ತವೆ.

ಗೋನೆಗಂಡ್ಲ, ಎಮ್ಮಿಗನೂರು, ಆದೋನಿ ಕಡೆಯ ಕನ್ನಡ ಕುಟುಂಬಗಳಿಗೆ ಇಂಥ ಒಂದು ಯಂತ್ರ ಬರಿಯ ಅನುಕೂಲದ ವಸ್ತುವಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದ ಮೇಲೆ ಈ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಪೂರಕ ಓದು ದೂರವಾಯಿತು. ಇಂದು ಆ ಕೊರತೆಯನ್ನು ತುಂಬುತ್ತಿರುವುದು ಬಹುಮಟ್ಟಿಗೆ ಅಂತರಜಾಲ. ದೀಕ್ಷಾ ಜಾಲತಾಣದ ಪಾಠಗಳು, ಕರ್ನಾಟಕದ ಕಣಜ, ಕನ್ನಡ ವಿಕಿಪೀಡಿಯ ಎಲ್ಲವೂ ಮನೆಯ ಮೇಜಿಗೇ ಬರುತ್ತವೆ. ಇಬ್ಬರು ಮೂವರು ಮಕ್ಕಳು ಒಂದೇ ಯಂತ್ರವನ್ನು ಹಂಚಿಕೊಂಡು ಓದುವ ಮನೆಯಲ್ಲಿ ಅದು ಪರೀಕ್ಷೆಯ ತಿಂಗಳಲ್ಲಿ ನಿಂತರೆ ಆಗುವ ನಷ್ಟ ದೊಡ್ಡದು.

ಆದರೆ ನಿಲ್ಲುವುದಕ್ಕೆ ಮುಂಚೆ ಅದು ಲಕ್ಷಣಗಳನ್ನು ತೋರಿಸುತ್ತದೆ. ಕೆಳಭಾಗ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ, ಫ್ಯಾನ್ ಬಿಡದೆ ಸದ್ದು ಮಾಡುತ್ತದೆ, ಬ್ಯಾಟರಿ ಒಂದು ಗಂಟೆಯೂ ಬಾಳುವುದಿಲ್ಲ, ಇಲ್ಲವೆ ಪುಟವೊಂದು ತೆರೆಯಲು ನಿಮಿಷಗಟ್ಟಲೆ ಕಾಯಿಸುತ್ತದೆ. ‘ಬೋರ್ಡ್ ಹೋಗಿದೆ’ ಎಂಬ ತೀರ್ಮಾನವೂ, ಹೊಸದನ್ನು ಕೊಳ್ಳಬೇಕೆಂಬ ಸಲಹೆಯೂ ಆಗ ಬಹುಬೇಗ ಬಂದುಬಿಡುತ್ತವೆ. ಇಂಥ ಎಷ್ಟೋ ಸಂದರ್ಭಗಳಲ್ಲಿ ತಪ್ಪಿರುವುದು ಪ್ರೊಸೆಸರ್ ಬಳಸುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ತಂತ್ರಾಂಶದ ಹೊಂದಾಣಿಕೆ, ಚಾರ್ಜರ್, ಇಲ್ಲವೆ ಫ್ಯಾನಿನಲ್ಲಿ ಸೇರಿದ ಧೂಳು. ಇವನ್ನು ಕ್ರಮವಾಗಿ ಪರೀಕ್ಷಿಸಲು ಹಣ ಬೇಕಿಲ್ಲ, ಒಂದು ಸಂಜೆಯ ಬಿಡುವು ಸಾಕು. ಪ್ರೌಢಶಾಲೆಯ ವಿದ್ಯಾರ್ಥಿಗಳು ಹಿರಿಯರ ಜೊತೆ ಕುಳಿತು ಇದನ್ನು ಮಾಡಬಹುದು.

ಬಿಸಿ ಹುಟ್ಟುವುದು ಎಲ್ಲಿಂದ?

ಪ್ರೊಸೆಸರ್ ಒಂದು ಗಡಿಯಾರದ ಮಿಡಿತಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಆ ಮಿಡಿತವನ್ನು ಮೆಗಾಹರ್ಟ್ಸ್‌ಗಳಲ್ಲಿ ಅಳೆಯುತ್ತಾರೆ. ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಮಿಡಿತ. ಮಿಡಿತ ಹೆಚ್ಚಿದಂತೆ ಪ್ರೊಸೆಸರಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಕೆಲಸದಲ್ಲಿ ವ್ಯಯವಾಗುವ ವಿದ್ಯುತ್ ಶಕ್ತಿಯು ಸ್ಥೂಲವಾಗಿ ಮಿಡಿತಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ.

ಹತ್ತನೆಯ ತರಗತಿಯ ವಿದ್ಯಾರ್ಥಿ ಈ ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಪ್ರೊಸೆಸರ್ 3000 ಮೆಗಾಹರ್ಟ್ಸ್ ವೇಗದಲ್ಲಿ 1.2 ವೋಲ್ಟ್ ಬಳಸುತ್ತದೆ, 1500 ಮೆಗಾಹರ್ಟ್ಸ್ ವೇಗದಲ್ಲಿ ಅದಕ್ಕೆ 0.9 ವೋಲ್ಟ್ ಸಾಕು ಎಂದುಕೊಳ್ಳೋಣ. 1.2ರ ವರ್ಗ 1.44, 0.9ರ ವರ್ಗ 0.81. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸುಮಾರು 0.56 ಬರುತ್ತದೆ. ಮಿಡಿತವೂ ಅರ್ಧವಾದ್ದರಿಂದ 0.28. ಅಂದರೆ ವೇಗ ಅರ್ಧಕ್ಕೆ ಇಳಿದಾಗ ವಿದ್ಯುತ್ ಬಳಕೆ ಕಾಲುಭಾಗದ ಸಮೀಪಕ್ಕೆ ಇಳಿಯಿತು. ಬಳಸಿದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗುವುದರಿಂದ ಬಿಸಿಯೂ ಅಷ್ಟೇ ಇಳಿಯಿತು.

ಈ ತತ್ತ್ವವನ್ನು ಇಂಟೆಲ್ ಸಂಸ್ಥೆಯು 2000ನೆಯ ಇಸವಿಯಲ್ಲಿ ‘ಸ್ಪೀಡ್‌ಸ್ಟೆಪ್’ ಎಂಬ ಹೆಸರಿನಲ್ಲಿ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ತಂದಿತು. ಎಎಂಡಿ ಸಂಸ್ಥೆಯೂ ಅದೇ ಕಾಲಕ್ಕೆ ಇಂಥದೇ ಏರ್ಪಾಟನ್ನು ಮಾಡಿತು. ಲಿನಕ್ಸಿನಲ್ಲಿ ಇದನ್ನು ನಡೆಸುವ ಭಾಗಕ್ಕೆ ‘ಸಿಪಿಯು ಫ್ರೀಕ್’ ಎಂದು ಹೆಸರು. ಹಾಲು ಕಾಯಿಸುವಾಗ ಮೊದಲು ಉರಿ ಹೆಚ್ಚಿಸಿ, ಉಕ್ಕು ಬರುವ ಹೊತ್ತಿಗೆ ತಗ್ಗಿಸುವ ಗೃಹಿಣಿಯ ಕೈಯಂತೆ ಅದು ಕ್ಷಣಕ್ಷಣಕ್ಕೂ ಪ್ರೊಸೆಸರಿನ ವೇಗವನ್ನು ಏರಿಳಿಸುತ್ತದೆ.

ಹಾಗಾದರೆ ಸದಾ ಕನಿಷ್ಠ ವೇಗದಲ್ಲೇ ನಡೆಸಿದರೆ ಉಳಿತಾಯವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹಾಗಾಗುವುದಿಲ್ಲ. ವೇಗ ಅರ್ಧವಾದರೆ ಕೆಲಸ ಮುಗಿಯಲು ಎರಡರಷ್ಟು ಹೊತ್ತು ಬೇಕು. ಅಷ್ಟು ಹೊತ್ತೂ ಪರದೆ ಬೆಳಗುತ್ತಿರಬೇಕು, ಉಳಿದ ಭಾಗಗಳು ಎಚ್ಚರವಾಗಿರಬೇಕು. ಆದುದರಿಂದ ಬೇಗ ಮುಗಿಸಿ ಬೇಗ ವಿಶ್ರಮಿಸುವುದೇ ಎಷ್ಟೋ ಸಲ ಲಾಭಕರ. ವೇಗವನ್ನು ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂಬ ನಿರ್ಧಾರದಲ್ಲೇ ಜಾಣತನವಿದೆ.

ಹೆಸರೊಂದೇ, ಅರ್ಥ ಎರಡು

ಆ ನಿರ್ಧಾರವನ್ನು ಮಾಡುವ ನಿಯಮಾವಳಿಗೆ ಲಿನಕ್ಸಿನಲ್ಲಿ ‘ಗವರ್ನರ್’ ಎನ್ನುತ್ತಾರೆ. ‘ಪರ್ಫಾರ್ಮೆನ್ಸ್’ ಗವರ್ನರ್ ವೇಗವನ್ನು ಮೇಲ್ಮಟ್ಟದಲ್ಲಿ ಇರಿಸಲು ನೋಡುತ್ತದೆ. ‘ಪವರ್‌ಸೇವ್’ ಕೆಳಮಟ್ಟದ ಕಡೆಗೆ ಒಲಿಯುತ್ತದೆ. 2004ರಲ್ಲಿ ಸೇರಿದ ‘ಆನ್‌ಡಿಮ್ಯಾಂಡ್’, 2016ರಲ್ಲಿ ಸೇರಿದ ‘ಶೆಡ್‌ಯುಟಿಲ್’ ಎಂಬವು ಕೆಲಸದ ಭಾರಕ್ಕೆ ತಕ್ಕಂತೆ ವೇಗವನ್ನು ಏರಿಳಿಸುತ್ತವೆ.

ಇಲ್ಲಿ ಅನೇಕರು ಎಡವುವ ಒಂದು ಸ್ಥಳವಿದೆ. ಗವರ್ನರ್‌ನ ಆಜ್ಞೆಯನ್ನು ಪ್ರೊಸೆಸರಿಗೆ ತಲುಪಿಸುವ ಕೆಲಸ ‘ಡ್ರೈವರ್’ ಎಂಬ ಇನ್ನೊಂದು ಭಾಗದ್ದು. ಹಳೆಯ ‘ಎಸಿಪಿಐ’ ಡ್ರೈವರ್ ಇರುವ ಯಂತ್ರದಲ್ಲಿ ‘ಪವರ್‌ಸೇವ್’ ಎಂದು ಆರಿಸಿದರೆ ಪ್ರೊಸೆಸರ್ ತನ್ನ ಕನಿಷ್ಠ ವೇಗಕ್ಕೆ ಕಟ್ಟಿಬೀಳುತ್ತದೆ. ಎಷ್ಟೇ ಕೆಲಸವಿದ್ದರೂ ಮೇಲೇಳುವುದಿಲ್ಲ. 2013ರಿಂದ ಲಿನಕ್ಸಿನಲ್ಲಿರುವ ‘ಇಂಟೆಲ್ ಪಿ-ಸ್ಟೇಟ್’ ಡ್ರೈವರ್ ತನ್ನ ಸಕ್ರಿಯ ರೀತಿಯಲ್ಲಿ ನಡೆಯುವಾಗ ಅದೇ ‘ಪವರ್‌ಸೇವ್’ ಹೆಸರಿಗೆ ಬೇರೆ ಅರ್ಥವಿದೆ. ಅಲ್ಲಿ ಅದು ಭಾರಕ್ಕೆ ತಕ್ಕಂತೆ ವೇಗ ಬದಲಿಸುವ ಸಮತೋಲದ ನಿಯಮ. ಒಬ್ಬರ ಹೊಸ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆದ ಹೊಂದಾಣಿಕೆಯನ್ನು ಇನ್ನೊಬ್ಬರ ಹಳೆಯ ಯಂತ್ರಕ್ಕೆ ಹಾಗೆಯೇ ನಕಲು ಮಾಡಿದರೆ, ಆ ಯಂತ್ರ ಆಮೆಯಾಗುವುದು ಇದೇ ಕಾರಣಕ್ಕೆ. ವೈದ್ಯರು ಒಬ್ಬರಿಗೆ ಬರೆದ ಔಷಧದ ಚೀಟಿಯನ್ನು ನೆರೆಮನೆಯವರು ಬಳಸಬಾರದೆಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಇಬ್ಬರು ಯಜಮಾನರ ಜಗಳ

ಗವರ್ನರ್‌ಗಳನ್ನು ಬಳಕೆದಾರರು ನೇರವಾಗಿ ಮುಟ್ಟುವುದು ವಿರಳ. ಅವನ್ನು ನಡೆಸಲು ಹಲವು ಸಾಧನಗಳಿವೆ. ಉಬುಂಟುವಿನ ಇತ್ತೀಚಿನ ಆವೃತ್ತಿಗಳಲ್ಲಿ ‘ಪವರ್ ಪ್ರೊಫೈಲ್ಸ್ ಡೀಮನ್’ ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಕಾಣುವ ‘ಪರ್ಫಾರ್ಮೆನ್ಸ್’, ‘ಬ್ಯಾಲೆನ್ಸ್ಡ್’, ‘ಪವರ್ ಸೇವರ್’ ಎಂಬ ಆಯ್ಕೆಗಳು ಅದರವು. ಫೆಡೋರಾ 2024ರ ತನ್ನ 41ನೆಯ ಆವೃತ್ತಿಯಿಂದ ಆ ಸ್ಥಾನಕ್ಕೆ ‘ಟ್ಯೂನ್ಡ್’ ಎಂಬ ಸಾಧನವನ್ನು ತಂದಿದೆ. ಇವಲ್ಲದೆ ಬಳಕೆದಾರರೇ ಹಾಕಿಕೊಳ್ಳುವ ‘ಟಿಎಲ್‌ಪಿ’, ‘ಆಟೋ-ಸಿಪಿಯುಫ್ರೀಕ್’ ಇವೆ. ಇಂಟೆಲ್ 2007ರಲ್ಲಿ ಹೊರತಂದ ‘ಪವರ್‌ಟಾಪ್’ ಯಾವ ಕಾರ್ಯಕ್ರಮವು ಯಂತ್ರವನ್ನು ಪದೇಪದೇ ಎಬ್ಬಿಸುತ್ತಿದೆ ಎಂದು ತೋರಿಸುತ್ತದೆ.

ಇವೆಲ್ಲವೂ ಒಳ್ಳೆಯ ಸಾಧನಗಳೇ. ಒಂದೇ ಯಂತ್ರದಲ್ಲಿ ಎರಡನ್ನು ಕೂಡಿಸಿದಾಗ ತೊಂದರೆ ಹುಟ್ಟುತ್ತದೆ. ಬ್ಯಾಟರಿ ಹೆಚ್ಚು ಬಾಳಲೆಂಬ ಆಸೆಯಿಂದ ಯಾರೋ ಹೇಳಿದ ಎಲ್ಲವನ್ನೂ ಹಾಕಿಕೊಂಡವರ ಯಂತ್ರದಲ್ಲಿ ಒಂದು ಸಾಧನ ವೇಗವನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಹಂದ್ರಿ ನದಿಯ ಗಾಜುಲದಿನ್ನೆ ಜಲಾಶಯದ ತೂಬಿಗೆ ಪರಸ್ಪರ ಮಾತಿಲ್ಲದ ಇಬ್ಬರನ್ನು ಕಾವಲಿಟ್ಟರೆ, ಒಬ್ಬ ತೆರೆದದ್ದನ್ನು ಇನ್ನೊಬ್ಬ ಮುಚ್ಚುತ್ತಾನೆ. ಕೆಳಗಿನ ಹೊಲದವನಿಗೆ ನೀರು ಯಾವಾಗ ಬರುವುದೆಂದು ತಿಳಿಯುವುದೇ ಇಲ್ಲ. ಯಂತ್ರದೊಳಗೂ ಹೀಗೆಯೇ ಆಗುತ್ತದೆ.

ಈ ಜಗಳದ ಲಕ್ಷಣಗಳು ಸ್ಪಷ್ಟ. ಸೆಟ್ಟಿಂಗ್ಸ್‌ನಲ್ಲಿ ‘ಪರ್ಫಾರ್ಮೆನ್ಸ್’ ಆರಿಸಿದ್ದರೂ ಚಾರ್ಜರ್ ತೆಗೆದು ಹಾಕಿದೊಡನೆ ಯಂತ್ರ ಮತ್ತೆ ನಿಧಾನವಾಗುತ್ತದೆ; ಚಾರ್ಜರ್ ಬದಲಾದಾಗಲೆಲ್ಲ ಟಿಎಲ್‌ಪಿ ತನ್ನ ನಿಯಮಗಳನ್ನು ಹೊಸದಾಗಿ ಜಾರಿಗೊಳಿಸುವುದು ಇದಕ್ಕೆ ಕಾರಣ. ಅಥವಾ ಮೊನ್ನೆಯವರೆಗೆ ಇದ್ದ ಪವರ್ ಮೋಡ್ ಆಯ್ಕೆಗಳೇ ಪರದೆಯಿಂದ ಮಾಯವಾಗುತ್ತವೆ. ಹೊಸದಾಗಿ ಬಂದ ಸಾಧನ ಹಳೆಯದನ್ನು ನಿಷ್ಕ್ರಿಯಗೊಳಿಸಿದೆ ಎಂಬುದು ಅದರ ಅರ್ಥ. ಮೌಸ್ ಎರಡು ಕ್ಷಣ ಸುಮ್ಮನಿದ್ದರೆ ನಿದ್ದೆಹೋಗುವುದು ಇನ್ನೊಂದು ಲಕ್ಷಣ. ಪವರ್‌ಟಾಪ್‌ನ ‘ಆಟೋ-ಟ್ಯೂನ್’ ಬಳಸಿದಾಗ ಯುಎಸ್‌ಬಿ ಸಾಧನಗಳಿಗೂ ವಿದ್ಯುತ್ ಉಳಿತಾಯ ಅನ್ವಯವಾಗಿ ಹೀಗಾಗುತ್ತದೆ. ಯಂತ್ರವನ್ನು ರೀಸ್ಟಾರ್ಟ್ ಮಾಡಿದರೆ ಆ ಬದಲಾವಣೆ ತಾನಾಗಿ ಅಳಿಯುತ್ತದೆ.

ವಿದ್ಯುತ್ ನಿರ್ವಹಣೆಗೆ ಒಂದೇ ಸಾಧನವನ್ನು ಉಳಿಸಿಕೊಳ್ಳುವುದು ಇದಕ್ಕೆಲ್ಲ ಪರಿಹಾರ. ಸಾಮಾನ್ಯ ಕುಟುಂಬಕ್ಕೆ ವಿತರಣೆಯ ಜೊತೆಗೇ ಬಂದ ಸಾಧನ ಸಾಕು. ‘ಥರ್ಮಲ್‌ಡಿ’ ಎಂಬುದು ಮಾತ್ರ ಈ ನಿಯಮಕ್ಕೆ ಹೊರತು. ಇಂಟೆಲ್ ಯಂತ್ರಗಳಲ್ಲಿ ಉಷ್ಣತೆ ಮಿತಿ ಮೀರದಂತೆ ನೋಡಿಕೊಳ್ಳುವ ಕಾವಲುಗಾರನಾದ ಅದು ಉಳಿದವುಗಳ ಜೊತೆ ಇರಬಹುದು.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಮುನ್ನ ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಬೇಕು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ದಿನಾಂಕ ಸಮೇತ ಬರೆದಿಡಬೇಕು. ಒಂದೇ ಸಲಕ್ಕೆ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತೆಂದಾಗಲಿ, ಯಾವುದರಿಂದ ಕೆಟ್ಟಿತೆಂದಾಗಲಿ ತಿಳಿಯುವುದಿಲ್ಲ. ಮಕ್ಕಳ ಮುಖ್ಯ ಕಡತಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ನಕಲಿಸಿಕೊಂಡಿರುವುದು ಕ್ಷೇಮ. ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆಜ್ಞೆಗಳನ್ನು ಯಂತ್ರದಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು.

*ಮೊದಲನೆಯದು, ಗಾಳಿ.* ಹಾಸಿಗೆ, ದಿಂಬುಗಳ ಮೇಲಿಟ್ಟ ಲ್ಯಾಪ್‌ಟಾಪಿನ ಕೆಳಗಿನ ಗಾಳಿಕಂಡಿಗಳು ಮುಚ್ಚಿಹೋಗುತ್ತವೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಆದೋನಿ ಸೀಮೆಯಲ್ಲಿ ಧೂಳಿನ ಜೊತೆ ನೂಲಿನೆಳೆಯೂ ಗಾಳಿಯಲ್ಲಿರುತ್ತದೆ. ಅದು ಫ್ಯಾನಿನ ಹಿಂದಿರುವ ಲೋಹದ ಪಟ್ಟಿಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಯಂತ್ರವನ್ನು ಪೂರ್ಣವಾಗಿ ಆರಿಸಿ, ಚಾರ್ಜರ್ ತೆಗೆದು, ಮೃದುವಾದ ಒಣ ಬ್ರಷ್ಷಿನಿಂದ ಕಂಡಿಗಳನ್ನು ಸ್ವಚ್ಛಗೊಳಿಸಬೇಕು. ಒಳಗಿನ ಧೂಳು ತೆಗೆಯಲು ಬಲ್ಲವರ ಕೈಯೇ ಬೇಕು.

*ಎರಡನೆಯದು, ಚಾರ್ಜರ್.* ಹಲವು ಲ್ಯಾಪ್‌ಟಾಪ್‌ಗಳು ತಮ್ಮ ಚಾರ್ಜರ್ ಎಷ್ಟು ವ್ಯಾಟ್‌ನದೆಂದು ಗುರುತಿಸುತ್ತವೆ. ಗುರುತು ಸಿಗದಿದ್ದರೆ, ಅಥವಾ ಅದು ಬೇಕಾದುದಕ್ಕಿಂತ ಕಡಿಮೆ ವ್ಯಾಟ್‌ನದಾಗಿದ್ದರೆ, ಯಂತ್ರ ತನ್ನ ರಕ್ಷಣೆಗಾಗಿ ಪ್ರೊಸೆಸರಿನ ವೇಗವನ್ನು ಬಹಳ ಕೆಳಗಿಳಿಸುತ್ತದೆ. ಆಗ ತಂತ್ರಾಂಶದಲ್ಲಿ ಏನೇ ಬದಲಿಸಿದರೂ ಫಲವಿಲ್ಲ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿದಾಗ ವೇಗ ಮರಳಿದರೆ ದೋಷ ಚಾರ್ಜರಿನದು ಅಥವಾ ಅದರ ಪಿನ್ನಿನದು. ಅದೇ ಮಾದರಿಯ, ಅದೇ ವ್ಯಾಟ್‌ನ ಇನ್ನೊಂದು ಚಾರ್ಜರನ್ನು ಎರವಲು ತಂದು ಪರೀಕ್ಷಿಸಬಹುದು. ಬೋರ್ಡ್ ಬದಲಿಸುವ ಖರ್ಚಿನ ಮುಂದೆ ಚಾರ್ಜರಿನ ಬೆಲೆ ತೀರ ಸಣ್ಣದು.

*ಮೂರನೆಯದು, ವೇಗ.* ಟರ್ಮಿನಲ್ ತೆರೆದು ‘ಪ್ರಾಕ್’ ಕೋಶದಲ್ಲಿರುವ ‘ಸಿಪಿಯುಇನ್‌ಫೊ’ ಎಂಬ ಕಡತವನ್ನು ಓದಿದರೆ ಪ್ರೊಸೆಸರಿನ ಪ್ರತಿಯೊಂದು ಅಂಗದ ಆ ಕ್ಷಣದ ಮೆಗಾಹರ್ಟ್ಸ್ ಕಾಣುತ್ತದೆ. ಇದು ಓದುವುದಕ್ಕಷ್ಟೇ ಇರುವ ಕಡತ, ಯಂತ್ರಕ್ಕೆ ಅಪಾಯವಿಲ್ಲ. ಸುಮ್ಮನಿರುವಾಗ ಒಮ್ಮೆ, ವಿಡಿಯೊ ಪಾಠ ನಡೆಯುತ್ತಿರುವಾಗ ಒಮ್ಮೆ ನೋಡಿ ಬರೆದುಕೊಳ್ಳಬೇಕು. ಸುಮ್ಮನಿರುವಾಗ 800ರ ಆಸುಪಾಸಿನಲ್ಲಿದ್ದು ಕೆಲಸದಲ್ಲಿ 2000 ದಾಟಿದರೆ ಪ್ರೊಸೆಸರ್ ಆರೋಗ್ಯವಾಗಿದೆ. ಕೆಲಸದ ನಡುವೆಯೂ 400 ಅಥವಾ 800ರಲ್ಲೇ ನಿಂತಿದ್ದರೆ ಯಾವುದೋ ಒಂದು ಅದನ್ನು ಹಿಡಿದಿಟ್ಟಿದೆ: ಚಾರ್ಜರ್, ಬಿಸಿ, ಇಲ್ಲವೆ ಗವರ್ನರ್. ಯಾವ ಡ್ರೈವರ್, ಯಾವ ಗವರ್ನರ್ ಜಾರಿಯಲ್ಲಿವೆ ಎಂಬುದನ್ನು ‘ಸಿಪಿಯುಪವರ್’ ಎಂಬ ಸಾಧನ ತಿಳಿಸುತ್ತದೆ. ಟಿಎಲ್‌ಪಿ ಇದ್ದವರಿಗೆ ‘ಟಿಎಲ್‌ಪಿ-ಸ್ಟ್ಯಾಟ್’ ಆಜ್ಞೆಯೂ ಇದನ್ನೇ ಹೇಳುತ್ತದೆ.

*ನಾಲ್ಕನೆಯದು, ಹೊಟ್ಟೆಬಾಕ ಕಾರ್ಯಕ್ರಮ.* ಸುಮ್ಮನಿರುವಾಗಲೂ ವೇಗ ಮೇಲೆಯೇ ಇದ್ದು ಫ್ಯಾನ್ ಸದ್ದು ಮಾಡುತ್ತಿದ್ದರೆ ‘ಸಿಸ್ಟಮ್ ಮಾನಿಟರ್’ ತೆರೆದು ಸಿಪಿಯು ಬಳಕೆಯ ಕ್ರಮದಲ್ಲಿ ಜೋಡಿಸಿ ನೋಡಬೇಕು. ಬ್ರೌಸರಿನಲ್ಲಿ ತೆರೆದುಬಿಟ್ಟ ಮೂವತ್ತು ಟ್ಯಾಬ್‌ಗಳು, ಹಿನ್ನೆಲೆಯಲ್ಲಿ ನಡೆಯುತ್ತಿರುವ ಅಪ್‌ಡೇಟ್, ಹೊಸದಾಗಿ ಹಾಕಿದ ವ್ಯವಸ್ಥೆಯು ಕಡತಗಳ ಸೂಚಿ ತಯಾರಿಸುತ್ತಿರುವುದು ಸಾಮಾನ್ಯ ಕಾರಣಗಳು. ಕೊನೆಯ ಎರಡು ಸ್ವಲ್ಪ ಹೊತ್ತಿನಲ್ಲಿ ತಾವಾಗಿ ಮುಗಿಯುತ್ತವೆ.

*ಐದನೆಯದು, ಯಜಮಾನ ಯಾರು?* ಟರ್ಮಿನಲ್ಲಿನಲ್ಲಿ ‘ಸಿಸ್ಟಮ್’ ಎಂಬ ಪದಕ್ಕೆ ಸಿ, ಟಿ, ಎಲ್ ಎಂಬ ಮೂರು ಅಕ್ಷರಗಳನ್ನು ಅಂಟಿಸಿ, ಒಂದು ಅಂತರ ಬಿಟ್ಟು ‘ಸ್ಟೇಟಸ್’, ಮತ್ತೊಂದು ಅಂತರ ಬಿಟ್ಟು ‘ಟಿಎಲ್‌ಪಿ’ ಎಂದು ಟೈಪಿಸಿದರೆ ಆ ಸಾಧನದ ಸ್ಥಿತಿ ತಿಳಿಯುತ್ತದೆ. ‘ಆಕ್ಟಿವ್’ ಎಂಬ ಉತ್ತರ ಬಂದರೆ ಅದು ಕೆಲಸದಲ್ಲಿದೆ. ಕಂಡುಬರಲಿಲ್ಲ ಎಂಬ ಉತ್ತರ ಬಂದರೆ ಅದು ಯಂತ್ರದಲ್ಲಿಲ್ಲ. ‘ಪವರ್-ಪ್ರೊಫೈಲ್ಸ್-ಡೀಮನ್’, ‘ಆಟೋ-ಸಿಪಿಯುಫ್ರೀಕ್’, ‘ಟ್ಯೂನ್ಡ್’ ಎಂಬ ಹೆಸರುಗಳನ್ನು ನಡುಗೆರೆಗಳ ಸಮೇತ ಹಾಕಿಯೂ ನೋಡಬೇಕು. ಕೊನೆಯದನ್ನು ಇಂಗ್ಲಿಷಿನ ‘ಟ್ಯೂನ್’ ಪದಕ್ಕೆ ಡಿ ಸೇರಿಸಿ ಬರೆಯುತ್ತಾರೆ. ಎರಡು ಸಾಧನಗಳು ಎಚ್ಚರವಾಗಿದ್ದರೆ ತಾವಾಗಿ ಹಾಕಿಕೊಂಡದ್ದನ್ನು ತೆಗೆದುಹಾಕಿ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ತೆಗೆದ ಮೇಲೂ ಪವರ್ ಮೋಡ್ ಆಯ್ಕೆಗಳು ಮರಳದಿದ್ದರೆ, ಹಳೆಯ ಸಾಧನ ಇನ್ನೂ ನಿಷ್ಕ್ರಿಯವಾಗಿಯೇ ಉಳಿದಿದೆ ಎಂದು ತಿಳಿದು ಅದನ್ನು ಮತ್ತೆ ಸಕ್ರಿಯಗೊಳಿಸಬೇಕು.

ಸೆಟ್ಟಿಂಗ್ಸ್ ಪರದೆಯಲ್ಲಿ ಕೆಲವೊಮ್ಮೆ ‘ಪರ್ಫಾರ್ಮೆನ್ಸ್’ ಆಯ್ಕೆಯ ಬಳಿ ಎಚ್ಚರಿಕೆಯೊಂದು ಕಾಣುತ್ತದೆ: ಉಷ್ಣತೆ ಹೆಚ್ಚಿರುವುದರಿಂದ, ಅಥವಾ ಯಂತ್ರ ತೊಡೆಯ ಮೇಲಿರುವುದರಿಂದ ಪೂರ್ಣ ವೇಗ ಸದ್ಯಕ್ಕೆ ಇಲ್ಲ ಎಂದು. ಕೆಲವು ಲ್ಯಾಪ್‌ಟಾಪ್‌ಗಳು ತಾವು ತೊಡೆಯ ಮೇಲಿರುವುದನ್ನು ಗ್ರಹಿಸಿ ಬಳಸುವವರಿಗೆ ಸುಡದಿರಲೆಂದು ವೇಗ ತಗ್ಗಿಸುತ್ತವೆ. ಮೇಜಿನ ಮೇಲಿಟ್ಟರೆ ಸಮಸ್ಯೆ ಅಲ್ಲಿಗೇ ಮುಗಿಯಿತು.

ಬ್ಯಾಟರಿಯ ಲೆಕ್ಕ

ಬ್ಯಾಟರಿ ಬೇಗ ಬರಿದಾಗುವುದಕ್ಕೆ ಎರಡು ಕಾರಣಗಳಿರಬಹುದು: ಗಡಿಗೆ ಸಣ್ಣದಾಗಿದೆ, ಇಲ್ಲವೆ ಸೋರಿಕೆ ದೊಡ್ಡದಾಗಿದೆ. ‘ಪವರ್ ಸ್ಟ್ಯಾಟಿಸ್ಟಿಕ್ಸ್’ ಎಂಬ ಕಾರ್ಯಕ್ರಮ ಎರಡನ್ನೂ ತೋರಿಸುತ್ತದೆ. ಅದರಲ್ಲಿ ಬ್ಯಾಟರಿ ಹೊಸದಾಗಿದ್ದಾಗಿನ ಸಾಮರ್ಥ್ಯ, ಈಗ ಪೂರ್ಣ ತುಂಬಿದಾಗಿನ ಸಾಮರ್ಥ್ಯ ಮತ್ತು ಈ ಕ್ಷಣ ವ್ಯಯವಾಗುತ್ತಿರುವ ವ್ಯಾಟ್‌ಗಳು ಇರುತ್ತವೆ.

ಹೊಸದರಲ್ಲಿ 48 ವ್ಯಾಟ್-ಗಂಟೆ ಹಿಡಿಯುತ್ತಿದ್ದ ಬ್ಯಾಟರಿ ಈಗ 24 ಹಿಡಿಯುತ್ತಿದ್ದರೆ ಅದರ ಅರ್ಧ ಆಯುಸ್ಸು ಸವೆದಿದೆ. ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು. ಆದರೆ ಆ 24ರಲ್ಲಿ ಎಷ್ಟು ಹೊತ್ತು ಓದಬಹುದೆಂಬುದು ಬಳಕೆಯನ್ನು ಅವಲಂಬಿಸಿದೆ. ಗಂಟೆಗಟ್ಟಲೆ 16 ವ್ಯಾಟ್ ಎಳೆಯುವ ಯಂತ್ರ ಒಂದೂವರೆ ಗಂಟೆಗೆ ಆರುತ್ತದೆ. ಹೊಂದಾಣಿಕೆ ಸರಿಪಡಿಸಿ, ಪರದೆಯ ಬೆಳಕು ತಗ್ಗಿಸಿ 8 ವ್ಯಾಟ್‌ಗೆ ಇಳಿಸಿದರೆ ಅದೇ ಬ್ಯಾಟರಿ ಮೂರು ಗಂಟೆ ಬಾಳುತ್ತದೆ. ಸಂಜೆ ಕರೆಂಟು ಹೋಗುವ ಊರಿನಲ್ಲಿ ಒಂದೂವರೆ ಗಂಟೆಯ ಈ ವ್ಯತ್ಯಾಸ ಒಂದು ಇಡೀ ಪಾಠಕ್ಕೆ ಸಮ.

ಬ್ಯಾಟರಿಯನ್ನು ಸದಾ ನೂರು ಪ್ರತಿಶತ ತುಂಬಿಟ್ಟು, ಬಿಸಿಯಲ್ಲಿರಿಸುವುದು ಲಿಥಿಯಮ್ ಕೋಶಗಳ ಸವೆತವನ್ನು ಹೆಚ್ಚಿಸುತ್ತದೆ. ಬೆಂಬಲವಿರುವ ಯಂತ್ರಗಳಲ್ಲಿ ಚಾರ್ಜನ್ನು ಸುಮಾರು 80 ಪ್ರತಿಶತಕ್ಕೆ ನಿಲ್ಲಿಸುವಂತೆ ಟಿಎಲ್‌ಪಿ ಮೂಲಕ ಹೊಂದಿಸಬಹುದು. 2025ರಲ್ಲಿ ಬಂದ ಗ್ನೋಮ್ 48ರ ಸೆಟ್ಟಿಂಗ್ಸ್‌ನಲ್ಲೇ ಇಂಥ ಆಯ್ಕೆ ಇದೆ. ಮೇಜಿನ ಮೇಲೆಯೇ ಚಾರ್ಜರಿಗೆ ಸಿಕ್ಕಿಸಿಟ್ಟು ಬಳಸುವ ಮನೆಗಳಿಗೆ ಇದು ಒಳ್ಳೆಯದು.

ಒಂದು ಸಂದರ್ಭದಲ್ಲಿ ಮಾತ್ರ ಯಾವ ಪರೀಕ್ಷೆಯನ್ನೂ ಮಾಡಕೂಡದು. ಕೀಲಿಮಣೆಯ ಬಳಿ ಅಥವಾ ತಳಭಾಗದಲ್ಲಿ ಉಬ್ಬು ಕಂಡರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದು ಅರ್ಥ. ಅದು ಬೆಂಕಿ ಹೊತ್ತಿಕೊಳ್ಳಬಲ್ಲದು. ಕೂಡಲೆ ಚಾರ್ಜರ್ ತೆಗೆದು ಯಂತ್ರವನ್ನು ಆರಿಸಿ, ಮಕ್ಕಳಿಂದ ದೂರವಿಟ್ಟು, ಬಲ್ಲವರಿಂದ ಬ್ಯಾಟರಿಯನ್ನು ತೆಗೆಸಬೇಕು. ಒತ್ತುವುದು, ಚುಚ್ಚುವುದು, ತಿಪ್ಪೆಗೆಸೆಯುವುದು ಸಲ್ಲದು.

ಬೇಸಿಗೆಯ ಲೆಕ್ಕ

ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಫ್ಯಾನ್ ಎಷ್ಟು ಶಾಖವನ್ನು ಹೊರಹಾಕಬಲ್ಲದು ಎಂಬುದು ಪ್ರೊಸೆಸರಿನ ಉಷ್ಣತೆಗೂ ಹೊರಗಿನ ಗಾಳಿಯ ಉಷ್ಣತೆಗೂ ಇರುವ ಅಂತರವನ್ನು ಅವಲಂಬಿಸಿದೆ. ಡಿಸೆಂಬರಿನಲ್ಲಿ ಕೋಣೆಯ ಗಾಳಿ 25 ಡಿಗ್ರಿ ಇದ್ದರೆ ಅಂತರ 75. ಕರ್ನೂಲು ಜಿಲ್ಲೆಯ ಮೇ ತಿಂಗಳ ನಡುಹಗಲಿನಲ್ಲಿ ಗಾಳಿ 42 ಡಿಗ್ರಿ ಇದ್ದರೆ ಅಂತರ 58 ಮಾತ್ರ. ಅಂದರೆ ಅದೇ ಫ್ಯಾನ್, ಅದೇ ಯಂತ್ರ, ಹೊರಹಾಕುವ ಶಾಖ ಮಾತ್ರ ಸುಮಾರು 23 ಪ್ರತಿಶತ ಕಡಿಮೆ. ಚಳಿಗಾಲದಲ್ಲಿ ಓಡುತ್ತಿದ್ದ ಲ್ಯಾಪ್‌ಟಾಪ್ ಬೇಸಿಗೆಯಲ್ಲಿ ಕುಂಟುವುದಕ್ಕೆ ಬೇರೆ ರೋಗ ಹುಡುಕಬೇಕಿಲ್ಲ.

ಆದ್ದರಿಂದ ಏಪ್ರಿಲ್–ಮೇ ತಿಂಗಳುಗಳಲ್ಲಿ ಭಾರದ ಕೆಲಸಗಳನ್ನು ಬೆಳಗಿನ ತಂಪಿನಲ್ಲಿ ಮುಗಿಸಿಕೊಳ್ಳುವುದು, ಮಧ್ಯಾಹ್ನ ‘ಪವರ್ ಸೇವರ್’ ಆರಿಸಿಕೊಳ್ಳುವುದು, ಯಂತ್ರದ ಹಿಂಬದಿಗೆ ಎರಡು ಸಣ್ಣ ಮರದ ತುಂಡುಗಳನ್ನು ಕೊಟ್ಟು ಎತ್ತರಿಸುವುದು ಉಪಯುಕ್ತ. ಅಲ್ಪಕಾಲಕ್ಕೆ ವೇಗವನ್ನು ಮಿತಿಗಿಂತ ಮೇಲೇರಿಸುವ ‘ಟರ್ಬೊ’ ಸೌಲಭ್ಯವನ್ನು ಬೇಸಿಗೆಯಲ್ಲಿ ನಿಲ್ಲಿಸಿದರೂ ಓದು, ಬರಹ, ವಿಡಿಯೊ ಪಾಠಗಳಿಗೆ ಅಷ್ಟೇನೂ ಅಡ್ಡಿಯಾಗುವುದಿಲ್ಲ. ಬಿಸಿ ಮಾತ್ರ ಗಮನಾರ್ಹವಾಗಿ ಇಳಿಯುತ್ತದೆ. ಬಸ್ಸಿನ ಪ್ರಯಾಣಕ್ಕೆ ಮುನ್ನ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕದೆ, ಪೂರ್ಣವಾಗಿ ಆರಿಸಿಯೇ ಹಾಕಬೇಕು. ಸರಿಯಾಗಿ ನಿದ್ದೆಹೋಗದ ಯಂತ್ರ ಚೀಲದೊಳಗೆ ಕುದಿಯುತ್ತದೆ.

ಕಾಸರಗೋಡಿನಿಂದ ಕಲಿಯಬಹುದಾದುದು

ಲಿನಕ್ಸ್ ಎಂಬುದು ಪರಿಣತರಿಗೆ ಮಾತ್ರ ಸಲ್ಲುವುದೆಂಬ ಭಾವನೆ ನಮ್ಮ ಕಡೆ ಇನ್ನೂ ಇದೆ. ಕರ್ನಾಟಕದಾಚೆಯ ಇನ್ನೊಂದು ಕನ್ನಡ ನೆಲವಾದ ಕಾಸರಗೋಡಿನ ಅನುಭವ ಬೇರೆಯದನ್ನು ಹೇಳುತ್ತದೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಆ್ಯಟ್ ಸ್ಕೂಲ್’ ಯೋಜನೆಯು ಶಾಲಾ ಕಂಪ್ಯೂಟರುಗಳನ್ನು ಕ್ರಮೇಣ ಸ್ವತಂತ್ರ ತಂತ್ರಾಂಶಕ್ಕೆ ಒಯ್ದಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠವನ್ನು ಕನ್ನಡ ಪಠ್ಯಪುಸ್ತಕದಿಂದಲೇ, ಲಿನಕ್ಸ್ ಯಂತ್ರಗಳ ಮೇಲೆಯೇ ಕಲಿಯುತ್ತಾರೆ. 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟಗಳಲ್ಲಿ ಅನಿಮೇಷನ್, ಎಲೆಕ್ಟ್ರಾನಿಕ್ಸ್‌ಗಳ ಜೊತೆ ಯಂತ್ರಭಾಗಗಳ ಪರಿಚಯವೂ ಸೇರಿದೆ.

ಗೋನೆಗಂಡ್ಲದಂಥ ಊರಿನಲ್ಲಿ ಅಷ್ಟು ದೊಡ್ಡ ವ್ಯವಸ್ಥೆಗೆ ಕಾಯಬೇಕಾಗಿಲ್ಲ. ಒಂದು ಬೀದಿಯ ಮೂರು ನಾಲ್ಕು ಮನೆಗಳ ಮಕ್ಕಳು ತಮ್ಮ ನೋಟ್‌ಪುಸ್ತಕಗಳನ್ನು ಹೋಲಿಸಿಕೊಂಡರೆ ಸಾಕು. ಯಾವ ಮಾದರಿಯ ಯಂತ್ರ, ಯಾವ ಡ್ರೈವರ್, ಯಾವ ಲಕ್ಷಣ, ಯಾವ ಬದಲಾವಣೆಯಿಂದ ಗುಣ ಎಂಬ ನಾಲ್ಕು ಅಂಕಣಗಳ ಒಂದು ಪಟ್ಟಿ ಬೇಗನೆ ಬೆಳೆಯುತ್ತದೆ. ವಿಜ್ಞಾನದ ತರಗತಿಯಲ್ಲಿ ಕಲಿತ ವಿದ್ಯುತ್ ಮತ್ತು ಶಾಖದ ಪಾಠಗಳಿಗೆ ಇದಕ್ಕಿಂತ ಹತ್ತಿರದ ಪ್ರಯೋಗಶಾಲೆ ಸಿಗುವುದು ಕಷ್ಟ.

ಅಂಗಡಿಗೆ ಹೋಗುವುದು ಯಾವಾಗ?

ಮೇಲಿನ ಐದು ಪರೀಕ್ಷೆಗಳ ಬಳಿಕವೂ ಗುಣ ಕಾಣದಿದ್ದರೆ ರಿಪೇರಿಯವರ ಬಳಿಗೆ ಹೋಗಬೇಕು. ಕೆಲವು ವರ್ಷ ಹಳೆಯದಾದ ಯಂತ್ರದಲ್ಲಿ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಅದನ್ನು ಬದಲಿಸಿ ಒಳಗಿನ ಧೂಳು ತೆಗೆಯುವುದು ಸಣ್ಣ ಕೆಲಸ. ಫ್ಯಾನ್ ತಿರುಗದಿದ್ದರೆ ಫ್ಯಾನನ್ನಷ್ಟೇ ಬದಲಿಸಬಹುದು.

ಅಂಗಡಿಯಲ್ಲಿ ‘ಯಂತ್ರ ನಿಧಾನವಾಗಿದೆ’ ಎಂದಷ್ಟೇ ಹೇಳಿದರೆ ಉತ್ತರವೂ ಅಷ್ಟೇ ಅಸ್ಪಷ್ಟವಾಗಿರುತ್ತದೆ. ಬದಲಿಗೆ ನೋಟ್‌ಪುಸ್ತಕವನ್ನು ಮುಂದಿಟ್ಟು, ‘ಬ್ಯಾಟರಿಯಲ್ಲಿ ವೇಗ 2400ಕ್ಕೆ ಏರುತ್ತದೆ, ಚಾರ್ಜರ್ ಹಾಕಿದೊಡನೆ 800ಕ್ಕೆ ಇಳಿಯುತ್ತದೆ, ವಿದ್ಯುತ್ ನಿರ್ವಹಣೆಗೆ ಒಂದೇ ಸಾಧನ ಇದೆ’ ಎಂದರೆ ಪ್ರಾಮಾಣಿಕ ರಿಪೇರಿಯವರಿಗೆ ಅರ್ಧ ಕೆಲಸ ಮುಗಿದಂತೆ, ಬೋರ್ಡ್ ಬದಲಿಸಿ ಎನ್ನುವವರೂ ಎರಡು ಸಲ ಯೋಚಿಸುತ್ತಾರೆ. ಸಿಸ್ಟಮ್ ಮತ್ತೆ ಹಾಕಿಕೊಡುತ್ತೇವೆ ಎಂದಾಗ, ಅದಕ್ಕೆ ಮೊದಲು ಮಕ್ಕಳ ಕಡತಗಳ ನಕಲು ಆಗಿದೆಯೇ ಎಂದು ಕೇಳಬೇಕು. ಬದಲಿಸಿದ ಭಾಗ ಯಾವುದೆಂದು ಬರೆಸಿಕೊಂಡು, ತೆಗೆದ ಹಳೆಯ ಭಾಗವನ್ನು ಮರಳಿ ಪಡೆಯುವುದು ವಾಡಿಕೆಯಾಗಬೇಕು.

ಯಂತ್ರ ಮನೆಗೆ ಮರಳಿದ ದಿನವೇ ಮೂರನೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಹೊಸ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು. ಮುಂದಿನ ಬೇಸಿಗೆಯಲ್ಲಿ ಅದು ಮತ್ತೆ ಬಿಸಿಯಾದಾಗ ಹೋಲಿಸಿ ನೋಡಲು ಆ ಪುಟ ಬೇಕಾಗುತ್ತದೆ.